ದಾವಣಗೆರೆ ಕೋರ್ಟ್ ಹತ್ರದ ಡಿಟಿಪಿ ಅಂಗಡಿ: ಜಾತಿ ನಿಂದನೆ ದೂರು ಬರೆಸೋದಿದ್ರೆ ಇಲ್ಲಿಗೇ ಹೋಗಿ

ದಾವಣಗೆರೆ ಕೋರ್ಟ್ ಹತ್ರ ಜೆರಾಕ್ಸ್ ಅಂಗಡಿ ಸಾಲು ಇದೆಯಲ್ಲ, ಅದ್ರಲ್ಲಿ ಒಂದು ಅಂಗಡಿ ಬಗ್ಗೆ ಬರೀತಿದೀನಿ. ಬೋರ್ಡ್ ಮೇಲೆ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್ ಅಂತ ಅಷ್ಟೇ ಇರೋದು, ಬೇರೆ ಹೆಸರಿಲ್ಲ, ಹಂಗಾಗಿ ಹುಡುಕೋದು ಸ್ವಲ್ಪ ಕಷ್ಟ, ಒಳಗೆ ಅಕ್ಕ ಒಬ್ರೇ ಕಂಪ್ಯೂಟರ್ ಮುಂದೆ ಕೂತಿರ್ತಾರೆ, ಹೊರಗೆ ಕಟ್ಟೆ ಮೇಲೆ ಫೈಲ್ ಹಿಡ್ಕೊಂಡು ಜನ ಕಾಯ್ತಿರ್ತಾರೆ, ಅದೇ ಗುರುತು. ಬಾಡಿಗೆ ಕರಾರು, ಅಫಿಡವಿಟ್ಟು, ಆರ್‌ಟಿಐ ಅರ್ಜಿ ಎಲ್ಲಾ ಮಾಡ್ಕೊಡ್ತಾರೆ. ಅವೆಲ್ಲಾ ಬೇರೆ ಕಡೆನೂ ಆಗುತ್ತೆ. ಆದ್ರೆ ಜಾತಿ ಕಾರಣಕ್ಕೋ ಧರ್ಮದ ಕಾರಣಕ್ಕೋ ಬೈಗುಳ ತಿಂದೋರು, ಏಟು ತಿಂದೋರು ಠಾಣೆಗೆ ಕೊಡೋ ದೂರನ್ನ ಇಷ್ಟು ಸರಿಯಾಗಿ ಬರೆದುಕೊಡೋರನ್ನ ನಾನು ಇಲ್ಲೂ ನೋಡಿಲ್ಲ, ಚಿತ್ರದುರ್ಗದಲ್ಲೂ ನೋಡಿಲ್ಲ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಯಾಕೆ ಕಟ್ ಅಂತ ಕೆಳಗೆ ಹೇಳಿದೀನಿ.

ನಮ್ಮ ವಿಷಯ ಏನಂದ್ರೆ, ನಮ್ಮ ಮಾವನ ಮಗ ಹಳ್ಳಿಲಿ ಟ್ರ್ಯಾಕ್ಟರ್ ಓಡಿಸ್ತಾನೆ. ಊರ ಹೆಸರು ಬೇಡ. ಬಸ್ ನಿಲ್ಲೋ ಜಾಗದಲ್ಲಿ ಒಂದು ಟೀ ಹೋಟ್ಲು, ಅಲ್ಲಿ ಎಲ್ರಿಗೂ ಸ್ಟೀಲ್ ಲೋಟ, ನಮ್ಮ ಕೇರಿಯವ್ರಿಗೆ ಮಾತ್ರ ಪೇಪರ್ ಕಪ್ಪು, ಅದೂ ಹೊರಗೆ ನಿಂತು ಕುಡಿಬೇಕು. ಹಿರಿಯರು ಇದನ್ನ ನೋಡ್ಕೊಂಡು ಬಂದೋರು, ಸುಮ್ನಿರ್ತಿದ್ರು. ಇವ್ನು ಒಂದಿನ ಬೆಳಗ್ಗೆ ಒಳಗೆ ಹೋಗಿ ಕೂತು ನಂಗೂ ಲೋಟದಲ್ಲೇ ಕೊಡು ಅಂದಿದಾನೆ. ಮಾಲೀಕ ಜಾತಿ ಹೆಸರು ತಗೊಂಡು ಬೈದು, ಕುತ್ತಿಗೆ ಪಟ್ಟಿ ಹಿಡಿದು ಹೊರಗೆ ದಬ್ಬಿದಾನೆ, ಬಸ್ಸಿಗೆ ಕಾಯ್ತಿದ್ದ ಜನ ಎಲ್ಲಾ ನೋಡಿದಾರೆ, ಕಾಲೇಜಿಗೆ ಹೊರಟಿದ್ದ ಒಬ್ಬ ಹುಡುಗ ಮೊಬೈಲಲ್ಲಿ ವಿಡಿಯೋನೂ ಮಾಡಿದಾನೆ. ಠಾಣೆಗೆ ಹೋದ್ರೆ ಅಲ್ಲಿ ಬರ್ಕೊಂಡಿದ್ದು ಏನು ಗೊತ್ತಾ, ಟೀ ಕುಡಿಯುವ ವಿಚಾರವಾಗಿ ಕ್ಷುಲ್ಲಕ ಕಾರಣಕ್ಕೆ ಬಾಯಿ ಮಾತಿನ ಜಗಳ ಆಗಿರುತ್ತದೆ ಅಂತ. ಎನ್‌ಸಿ ಅಂತ, ಅಂದ್ರೆ ಕೋರ್ಟ್ ಹೇಳದೆ ತನಿಖೆ ಮಾಡೋಕೆ ಬರದ ಸಣ್ಣ ಕೇಸು ಅಂತ, ಒಂದು ರಸೀದಿ ಕೊಟ್ಟು, ಊರಲ್ಲಿ ಹಿರಿಯರನ್ನ ಕೂರಿಸ್ಕೊಂಡು ರಾಜಿ ಮಾಡ್ಕೊಳಿ ಅಂದು ಕಳ್ಸಿದ್ರು. ಲೋಟ ಇಲ್ಲ, ಜಾತಿ ಇಲ್ಲ, ನೋಡ್ತಿದ್ದ ಜನ ಇಲ್ಲ, ಆ ಒಂದು ಸಾಲಿನಲ್ಲಿ ಎಲ್ಲಾ ಮಾಯ ಆಗಿತ್ತು. ಆಗ ಪರಿಚಯದ ವಕೀಲರೊಬ್ರು, ಸುಮ್ನೆ ಇನ್ನೊಂದ್ಸಲ ಹೋಗ್ಬೇಡಿ, ಮೊದಲು ಆ ಅಂಗಡಿ ಅಕ್ಕನ ಹತ್ರ ನೆಟ್ಟಗೆ ಬರೆಸ್ಕೊಳಿ ಅಂತ ಕಳಿಸಿದ್ದು.

ಅಕ್ಕ ಮುಂಚೆ ವಕೀಲರ ಆಫೀಸಲ್ಲಿ ತುಂಬಾ ವರ್ಷ ಟೈಪಿಸ್ಟ್ ಆಗಿದ್ದೋರಂತೆ. ಕೂತ ತಕ್ಷಣ ಟೈಪ್ ಮಾಡೋಕೆ ಹೋಗಲ್ಲ. ಒಂದು ನೋಟ್‌ಬುಕ್ ತೆಗೆದು ಕೇಳೋಕೆ ಶುರು ಮಾಡ್ತಾರೆ. ಮೊದಲ ಪ್ರಶ್ನೆನೇ, ಏನಾಯ್ತು ಅಂತ ಅಲ್ಲ, ಅಲ್ಲಿ ಯಾರ್ ಯಾರಿದ್ರು ಅಂತ. ನಮ್ಮ ಹುಡುಗ ಹೊಡೆದಿದ್ದು ಬೈದಿದ್ದು ಹೇಳೋಕೆ ಹೋದ್ರೆ, ತಡೀರಿ, ಅದು ಆಮೇಲೆ, ಮೊದ್ಲು ಯಾರ ಎದುರಿಗೆ ಆಯ್ತು ಹೇಳ್ರಿ ಅಂದ್ರು. ಕಾರಣ ಆಮೇಲೆ ಗೊತ್ತಾಯ್ತು. ಪರಿಶಿಷ್ಟ ಜಾತಿ ಪಂಗಡದವ್ರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರ 3(1)(ಆರ್) ಮತ್ತೆ 3(1)(ಎಸ್), ಅಂದ್ರೆ ಅವಮಾನ ಮಾಡೋ ಉದ್ದೇಶದಿಂದ ಹೀಯಾಳಿಸೋದು ಮತ್ತೆ ಜಾತಿ ಹೆಸರಿಡಿದು ಬೈಯೋದು, ಎರಡೂ ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಆಗಿದ್ರೆ ಮಾತ್ರ ಅಪರಾಧ, 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ ಮತ್ತೆ ದಂಡ. 2008ರಲ್ಲಿ ಸ್ವರಣ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು ಜಾಗ ಖಾಸಗಿ ಆಗಿದ್ರೂ ಪರವಾಗಿಲ್ಲ, ಹೊರಗಿನೋರಿಗೆ ಕಾಣೋ ಹಂಗೆ ಗೇಟ್ ಹತ್ರ ಬೈದ್ರೂ ಸಾಕು ಅಂತ ಹೇಳಿತ್ತು, ಆದ್ರೆ 2020ರ ಹಿತೇಶ್ ವರ್ಮಾ ಕೇಸಲ್ಲಿ ನಾಲ್ಕು ಗೋಡೆ ಒಳಗೆ, ಹೊರಗಿನೋರು ಯಾರೂ ಇಲ್ದಾಗ ಬೈದಿದ್ದಕ್ಕೆ ಈ ಸೆಕ್ಷನ್ ನಿಲ್ಲಲ್ಲ ಅಂದ್ರು. ನಮ್ಮೋರು ಬರೀ ಅವನು ಹಿಂಗೆ ಬೈದ ಅಂತ ಬರೆದುಕೊಡ್ತಾರೆ, ಬಸ್ಸಿಗೆ ಕಾಯ್ತಿದ್ದ ಹತ್ತು ಜನ ದೂರಲ್ಲಿ ಇರೋದೇ ಇಲ್ಲ, ಆಮೇಲೆ ಆರೋಪಿ ಕಡೆಯೋರು ಹೈಕೋರ್ಟಿಗೆ ಹೋಗಿ ಕೇಸೇ ರದ್ದು ಮಾಡಿಸ್ಕೊಂಡು ಬರ್ತಾರೆ. ಇದನ್ನ ಅಕ್ಕ ಎಷ್ಟು ಸಲ ನೋಡಿದಾರೋ, ಹೇಳುವಾಗ ಅವ್ರ ದನಿಲಿ ಸಿಟ್ಟು ಇತ್ತು.

ಎರಡನೇದು ಬೈದ ಮಾತು. ಜಾತಿ ಹೆಸರಿಡಿದು ಅವಾಚ್ಯ ಶಬ್ದಗಳಿಂದ ನಿಂದಿಸಿದರು ಅಂತ ಎಲ್ಲಾ ಕಡೆ ಒಂದೇ ಅಚ್ಚು, ಆ ಸಾಲು ಈ ಅಂಗಡಿಲಿ ಬರೆಯಲ್ಲ. ಅವನ ಬಾಯಿಂದ ಏನು ಬಂತೋ ಅದೇ ಬೇಕು, ಅಷ್ಟೂ ಬೇಕು. ಇದು ತುಂಬಾ ಕಷ್ಟದ ಕೆಲಸ. ನಮ್ಮ ಹುಡುಗ ಅವ್ರ ಅಮ್ಮನ ಮುಂದೆ ಆ ಮಾತು ಹೇಳೋಕಾಗ್ದೆ ತಲೆ ತಗ್ಗಿಸ್ಕೊಂಡು ಕೂತ್‌ಬಿಟ್ಟ, ಬೈಗುಳದಲ್ಲಿ ತಾಯಿನೂ ಸೇರಿದ್ಲಲ್ಲ. ಅಕ್ಕ ನಮ್ಮನ್ನೆಲ್ಲಾ ಹೊರಗೆ ಕಳ್ಸಿ, ಬಾಗಿಲು ಅರ್ಧ ಎಳ್ಕೊಂಡು, ಒಬ್ಬನ್ನೇ ಕೂರಿಸ್ಕೊಂಡು, ಬಾಯಲ್ಲಿ ಹೇಳೋಕಾಗ್ದಿದ್ರೆ ಚೀಟಿಲಿ ಬರಿ ಅಂತ ಪೆನ್ನು ಕೊಟ್ರಂತೆ. ಈ ಒಂದು ಕೆಲಸಕ್ಕೆ ನಾನು ಐದು ಸ್ಟಾರೂ ಕೊಡ್ತೀನಿ. ಠಾಣೆಲಿ ನಾಲ್ಕು ಜನ ಪೊಲೀಸ್ರು ನಿಂತ್ಕೊಂಡು ಏನಂದ ಹೇಳೋ, ಜೋರಾಗಿ ಹೇಳೋ ಅಂದಾಗ ಆ ಹುಡುಗನಿಗೆ ಎರಡನೇ ಸಲ ಅವಮಾನ ಆಗಿತ್ತು.

ಆಮೇಲೆ ಕೇಳಿದ್ದು, ನೀನು ಯಾವ ಜಾತಿ ಅಂತ ಅವನಿಗೆ ಗೊತ್ತಿತ್ತಾ. ನಂಗೆ ಮೊದಲು ಇದು ವಿಚಿತ್ರ ಅನ್ನಿಸ್ತು, ಊರಲ್ಲಿ ಯಾರ್ ಯಾವ ಕೇರಿ ಅಂತ ಹಸುಗೂಸಿಗೂ ಗೊತ್ತಿರುತ್ತೆ. ಆದ್ರೆ ಕೋರ್ಟಲ್ಲಿ ಅದನ್ನೂ ತೋರಿಸ್ಬೇಕು. 2015ರ ತಿದ್ದುಪಡಿಲಿ 8(ಸಿ) ಅಂತ ಸೇರಿಸಿದಾರೆ, ಆರೋಪಿಗೆ ಸಂತ್ರಸ್ತನ ಅಥವಾ ಅವನ ಮನೆಯವ್ರ ವೈಯಕ್ತಿಕ ಪರಿಚಯ ಇದ್ರೆ ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸುತ್ತೆ, ಇಲ್ಲ ಅಂತ ಸಾಬೀತು ಮಾಡೋ ಹೊಣೆ ಅವನ ಮೇಲೆ. ಅದಕ್ಕೆ ಅಕ್ಕ ಬರೆದಿದ್ದು, ಸದರಿ ಆರೋಪಿಯು ನಮ್ಮ ಗ್ರಾಮದವರೇ ಆಗಿದ್ದು ನನ್ನ ತಂದೆಯ ಕಾಲದಿಂದಲೂ ನಮ್ಮ ಕುಟುಂಬವನ್ನು ಬಲ್ಲವರಾಗಿರುತ್ತಾರೆ ಅಂತ. ಒಂದೇ ಸಾಲು, ಆದ್ರೆ ಅದಿಲ್ದೇ ಹೋದ್ರೆ ಕೇಸಿಗೆ ಕಾಲಿಲ್ಲ.

ಲೋಟದ ವಿಷಯಕ್ಕೆ ಬಂದಾಗ ಅಕ್ಕ ಇನ್ನೂ ಹಿಡಿದು ಕೇಳಿದ್ರು. ಯಾವಾಗಿಂದ ಪೇಪರ್ ಕಪ್ಪು, ಬೇರೆ ಯಾರಿಗೆ ಲೋಟ, ಅವತ್ತು ಒಳಗೆ ಕೂತು ಲೋಟದಲ್ಲಿ ಕುಡೀತಿದ್ದೋರು ಯಾರು. ನಾವು ಬೈಗುಳನೇ ದೊಡ್ಡದು ಅಂದ್ಕೊಂಡಿದ್ವಿ, ಆದ್ರೆ ಅದೇ ಕಾಯ್ದೆ 3(1)(ಝಡ್‌ಎ) ಒಳಗೆ, ಸಾರ್ವಜನಿಕರಿಗೆ ತೆರೆದಿರೋ ಜಾಗದಲ್ಲಿ ಎಲ್ರೂ ಬಳಸೋ ಪಾತ್ರೆ, ವಸ್ತು ಬಳಸೋಕೆ ಅಡ್ಡಿ ಮಾಡೋದೂ ಬೇರೆನೇ ಅಪರಾಧ ಅಂತ ಇದೆ. 1955ರ ಅಸ್ಪೃಶ್ಯತೆ ಕಾಯ್ದೆಲೂ, ಅಂದ್ರೆ ಈಗ ಪಿಸಿಆರ್ (ನಾಗರಿಕ ಹಕ್ಕು ರಕ್ಷಣೆ ಕಾಯ್ದೆ) ಅಂತ ಕರೆಯೋದ್ರಲ್ಲೂ ಹೋಟ್ಲು, ಅಂಗಡಿ, ಪಾತ್ರೆ ಎಲ್ಲಾ ಬಂದಿದೆ. ಅಂದ್ರೆ ಅವನು ಒಂದು ಕೆಟ್ಟ ಮಾತೂ ಆಡದೆ ನಗ್‌ನಗ್ತಾ ಪೇಪರ್ ಕಪ್ಪು ಕೊಟ್ಟಿದ್ರೂ ಅಪರಾಧನೇ. ಇದು ನಮ್ಮ ಕೇರಿಲಿ ಒಬ್ರಿಗೂ ಗೊತ್ತಿರ್ಲಿಲ್ಲ, ಪೇಪರ್ ಕಪ್ಪಲ್ಲಿ ಕುಡಿದು ಕುಡಿದು ಅದು ಸಹಜ ಆಗ್ಬಿಟ್ಟಿತ್ತು.

ಈ ಕಾನೂನಲ್ಲಿ ಏನಾಯ್ತು ಅನ್ನೋದಕ್ಕಿಂತ ಯಾಕಾಯ್ತು ಅನ್ನೋದೇ ಮುಖ್ಯ. ಸಾಮಾನ್ಯ ಹೊಡೆದಾಟದ ಕೇಸಲ್ಲಿ ಯಾಕೆ ಹೊಡೆದ ಅನ್ನೋದು ಗೊತ್ತಿಲ್ದಿದ್ರೂ ಶಿಕ್ಷೆ ಆಗ್ಬೋದು. ಇಲ್ಲಿ ಆ ಯಾಕೆ ಅನ್ನೋದೇ ಮೊದಲ ದೂರಲ್ಲಿ ಇಲ್ದೇ ಆಮೇಲೆ ಹೇಳಿಕೆಲಿ ಬಂದ್ರೆ, ಇದು ಆಮೇಲೆ ಸೇರಿಸಿದ್ದು ಸ್ವಾಮಿ ಅಂತ ಎದುರು ವಕೀಲರು ಕಟಕಟೆಲಿ ನಿಲ್ಲಿಸಿ ಕೇಳ್ತಾರೆ. ನಮ್ಮ ಅಣ್ಣನ ಮಗಳು ಲಾ ಓದ್ತಿದಾಳೆ, ಅವಳು ಇದಕ್ಕೆ ಒಂದು ಕೇಸ್ ಹೇಳಿದ್ಲು, ಪಾಟನ್ ಜಮಾಲ್ ವಲಿ ಅಂತ, ಆಂಧ್ರದ್ದು, 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಕಣ್ಣು ಕಾಣದ ಪರಿಶಿಷ್ಟ ಜಾತಿ ಹೆಣ್ಣುಮಗಳ ಮೇಲೆ ಅತ್ಯಾಚಾರ ಆಗಿತ್ತು. ಅತ್ಯಾಚಾರದ ಶಿಕ್ಷೆ ಉಳೀತು, ಆದ್ರೆ ದೌರ್ಜನ್ಯ ಕಾಯ್ದೆ 3(2)(5), ಅಂದ್ರೆ ಜಾತಿ ಕಾರಣಕ್ಕೆ ದೊಡ್ಡ ಅಪರಾಧ ಮಾಡಿದ್ದಕ್ಕೆ ಇರೋ ಸೆಕ್ಷನ್, ಬಿದ್ದೋಯ್ತು, ಯಾಕಂದ್ರೆ ಹಳೇ ಕಾನೂನಲ್ಲಿ ಪರಿಶಿಷ್ಟ ಜಾತಿಯವಳು ಅನ್ನೋ ಕಾರಣಕ್ಕಾಗಿಯೇ ಮಾಡಿದ ಅಂತ ಸಾಬೀತಾಗ್ಬೇಕಿತ್ತು, ಅದಕ್ಕೆ ಬೇರೆ ಸಾಕ್ಷ್ಯ ಇರ್ಲಿಲ್ಲ. ಜಾತಿ, ಹೆಣ್ಣು, ಅಂಗವೈಕಲ್ಯ ಮೂರೂ ಒಬ್ಬಳ ಮೇಲೆ ಒಟ್ಟಿಗೆ ಬಿದ್ದಾಗ ಇದರಿಂದಲೇ ಆಯ್ತು ಅಂತ ಒಂದನ್ನ ಬೇರೆ ಮಾಡಿ ತೋರಿಸೋದು ಎಷ್ಟು ಕಷ್ಟ ಅಂತ ನ್ಯಾಯಮೂರ್ತಿ ಚಂದ್ರಚೂಡ್ ಅದ್ರಲ್ಲೇ ವಿವರವಾಗಿ ಬರೆದಿದಾರೆ. ಈಗ ತಿದ್ದುಪಡಿ ಆಗಿ, 2016ರ ಜನವರಿ 26ರಿಂದ, ಅದೇ ಸೆಕ್ಷನ್‌ನಲ್ಲಿ ಪರಿಶಿಷ್ಟ ಜಾತಿ ಪಂಗಡದವರು ಅಂತ ಗೊತ್ತಿದ್ದೂ ಮಾಡಿದ್ರೆ ಸಾಕು ಅಂತ ಆಗಿದೆ. ಆದ್ರೆ ಬೈಗುಳ, ಅವಮಾನದ ಸೆಕ್ಷನ್‌ಗೆ ಅಷ್ಟು ಸುಲಭ ಇಲ್ಲ, ಪರಿಶಿಷ್ಟ ಜಾತಿಯವನಿಗೆ ಆದ ಪ್ರತಿ ಅವಮಾನನೂ ಈ ಕಾಯ್ದೆಗೆ ಬರಲ್ಲ, ಜಾತಿ ಕಾರಣಕ್ಕೇ ಆಗಿರ್ಬೇಕು ಅಂತ 2024ರಲ್ಲಿ ಕೇರಳದ ಶಾಜನ್ ಸ್ಕರಿಯಾ ಕೇಸಲ್ಲೂ ಸುಪ್ರೀಂ ಕೋರ್ಟು ಹೇಳಿದೆ.

ಇನ್ನೊಂದು ಮಾತು ಈ ಅಂಗಡಿ ಬಗ್ಗೆ ಹೇಳಲೇಬೇಕು, ಇಲ್ದಿರೋದನ್ನ ಬರೆಯಲ್ಲ. ನಮ್ಮ ಮಾವನೇ, ಮಚ್ಚು ತೋರ್ಸಿದ ಅಂತ ಒಂದು ಸಾಲು ಸೇರಿಸ್ರಿ, ಕೇಸು ಗಟ್ಟಿ ಆಗುತ್ತೆ ಅಂತ ಕೇಳಿದ್ರು. ಅಕ್ಕ ಕೀಬೋರ್ಡಿಂದ ಕೈ ತೆಗೆದು, ಮಚ್ಚಿತ್ತಾ ಅಂತ ಹುಡುಗನ್ನ ಕೇಳಿದ್ರು, ಅವನು ಇಲ್ಲ ಅಂದ, ಮುಗೀತು. ನಾವು ಕಾಯ್ತಿದ್ದಾಗ ಒಬ್ರು ಜಮೀನು ಬದು ಜಗಳಕ್ಕೆ ಜಾತಿ ನಿಂದನೆ ಸೇರಿಸಿ ಬರ್ಕೊಡಿ ಅಂತ ಬಂದಿದ್ರು, ಜಾತಿ ಮಾತು ಬಂತಾ ಅಂದ್ರೆ ಹಂಗೇನಿಲ್ಲ ಅಂದ್ರು, ಅಕ್ಕ ಬದು ಜಗಳ ಅಂತಲೇ ಬರೆದುಕೊಡ್ತೀನಿ ಅಂದ್ರೆ ಬೇಡ ಅಂತ ಎದ್ದು ಹೋದ್ರು. ಈ ಕಾಯ್ದೆ ಬರೀ ದುರುಪಯೋಗ ಆಗುತ್ತೆ ಅನ್ನೋರು ನಮ್ಮ ಊರಲ್ಲಿ ಬೇಕಾದಷ್ಟು ಜನ ಇದಾರೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಮಹಾಜನ್ ಕೇಸಲ್ಲಿ ಮೊದಲು ವಿಚಾರಣೆ, ಆಮೇಲೆ ಎಫ್‌ಐಆರ್ ಅನ್ನೋ ಥರ ಹೇಳ್ಬಿಟ್ಟಿತ್ತು, ದೇಶ ಎಲ್ಲಾ ಗಲಾಟೆ ಆಗಿ ಅದೇ ವರ್ಷ ಸಂಸತ್ತು ಈ ಕಾಯ್ದೆಗೆ 18ಎ ಸೆಕ್ಷನ್ ಸೇರಿಸಿ ಅದನ್ನ ತೆಗೀತು, 2019ರಲ್ಲಿ ಕೋರ್ಟೂ ತನ್ನ ಆದೇಶ ವಾಪಸ್ ತಗೊಂತು, 2020ರಲ್ಲಿ 18ಎ ಸರಿ ಇದೆ ಅಂತ ಎತ್ತಿ ಹಿಡೀತು. ನನ್ನ ಅಭಿಪ್ರಾಯ ಕೇಳಿದ್ರೆ, ಸುಳ್ಳು ಸೇರಿಸಿದ ಒಂದು ದೂರು ಹತ್ತು ನಿಜವಾದ ದೂರಿಗೆ ಏಟು ಕೊಡುತ್ತೆ, ಹಾಗಂತ ನಿಜವಾದ ದೂರನ್ನ ಠಾಣೆ ಬಾಗಿಲಲ್ಲೇ ತಡೆಯೋಕೆ ಯಾರಿಗೂ ಹಕ್ಕಿಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಕೊಂಡು ಕೆಲಸ ಮಾಡೋ ಜಾಗ ಇದೊಂದೇ ನಂಗೆ ಸಿಕ್ಕಿದ್ದು.

ಸೆಕ್ಷನ್ ನಂಬರು ಮಾತ್ರ ದೂರಲ್ಲಿ ಹಾಕಲ್ಲ. ಸೆಕ್ಷನ್ ಹಾಕೋದು ಪೊಲೀಸ್ ಕೆಲಸ, ನೀನು ನಡೆದಿದ್ದು ಹೇಳು, ನಡೆದಿದ್ದು ಪೂರ್ತಿ ಇದ್ರೆ ಸೆಕ್ಷನ್ ಹಾಕ್ದೇ ಇರೋಕೆ ಅವ್ರಿಗೆ ದಾರಿ ಇರಲ್ಲ ಅಂತಾರೆ. ಕೊನೇಲಿ ಪ್ರಿಂಟ್ ತೆಗೆದು ತಾವೇ ಜೋರಾಗಿ ಓದಿ ಹೇಳ್ತಾರೆ, ಓದು ಬರದೋರಿಗೆ ಇದು ದೊಡ್ಡ ಉಪಕಾರ. ನಿಜ ಹೇಳ್ಬೇಕಂದ್ರೆ ಬಾಯಲ್ಲಿ ಹೇಳಿದ್ದನ್ನ ಬರ್ಕೊಂಡು, ಓದಿ ಹೇಳಿ, ಆಮೇಲೆ ಸಹಿ ತಗೋಬೇಕಾದ್ದು ಠಾಣೆಯೋರ ಕರ್ತವ್ಯ, ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಅದು ಸ್ಪಷ್ಟವಾಗಿದೆ, ಬೇಕಂತಲೇ ಮಾಡದಿದ್ರೆ ಅಧಿಕಾರಿಗೇ 6 ತಿಂಗಳಿಂದ 1 ವರ್ಷ ಜೈಲು. ನಮಗೆ ಓದಿ ಹೇಳಿರ್ಲಿಲ್ಲ.

ಕಾಯ್ತಾ ಕೂತಾಗ ಬೇರೆಯವ್ರ ಕಷ್ಟನೂ ಕಿವಿಗೆ ಬೀಳುತ್ತೆ, ಅದ್ರಲ್ಲಿ ಎರಡು ನನ್ನ ಮನಸ್ಸಲ್ಲಿ ಉಳಿದಿವೆ, ಗುರುತು ಸಿಗದ ಹಾಗೆ ಬರೀತೀನಿ. ಒಬ್ರು ತಳ್ಳುಗಾಡಿ ವ್ಯಾಪಾರಿ, ಮುಸ್ಲಿಂ. ನಿಮ್ಮೋರು ಈ ಬೀದಿಗೆ ಬರ್ಬಾರ್ದು ಅಂತ ಇಬ್ರು ಹುಡುಗ್ರು ಅಡ್ಡ ಹಾಕಿ ಹೊಡೆದು ಗಾಡಿ ಮಗುಚಿದ್ರಂತೆ. ಅವ್ರಿಗೆ ಅಕ್ಕ ಹೇಳೋಕೆ ಹೆಚ್ಚೇನೂ ಇರ್ಲಿಲ್ಲ. ಹೊಡೆದಿದ್ದಕ್ಕೆ, ತಡೆದಿದ್ದಕ್ಕೆ, ನಷ್ಟ ಮಾಡಿದ್ದಕ್ಕೆ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್‌ನಲ್ಲಿ ಸೆಕ್ಷನ್ ಇದಾವೆ, ಆದ್ರೆ ಧರ್ಮ ನೋಡಿ ಹೊಡೆದ್ರು ಅನ್ನೋದಕ್ಕೆ ಸಣ್ಣ ಗಾಯದ ಕೇಸಲ್ಲಿ ಜಾಗವೇ ಇಲ್ಲ. 2024ರ ಜುಲೈ 1ರಿಂದ ಬಂದ ಈ ಹೊಸ ಕಾನೂನಲ್ಲಿ 103(2) ಇದೆ, ಐದು ಅಥವಾ ಹೆಚ್ಚು ಜನ ಸೇರ್ಕೊಂಡು ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಇಂಥ ಕಾರಣಕ್ಕೆ ಕೊಲೆ ಮಾಡಿದ್ರೆ ಮರಣದಂಡನೆ ಅಥವಾ ಜೀವಾವಧಿ, 117(4)ರಲ್ಲಿ ಅದೇ ಥರ ಗುಂಪು ತೀವ್ರ ಗಾಯ ಮಾಡಿದ್ರೆ 7 ವರ್ಷದವರೆಗೆ. ಧರ್ಮ ಅಂತ ಆ ಪಟ್ಟಿಲಿ ನೇರವಾಗಿ ಇಲ್ವೇ ಇಲ್ಲ, ಸಮುದಾಯ, ನಂಬಿಕೆ ಅನ್ನೋದ್ರಲ್ಲೇ ಹುಡುಕ್ಬೇಕು. ಅದೂ ಐದು ಜನ ಬೇಕು, ಮೂಳೆನಾದ್ರೂ ಮುರಿದಿರ್ಬೇಕು ಅನ್ನೋ ಮಟ್ಟಿಗೆ ಗಾಯ ಬೇಕು. ಇಬ್ರು ಹುಡುಗ್ರು, ಊದಿದ ಕೆನ್ನೆ, ಇದಕ್ಕೆ ಏನೂ ಇಲ್ಲ. ಸಮುದಾಯಗಳ ಮಧ್ಯೆ ದ್ವೇಷ ಹಚ್ಚೋ 196 ಹಾಕಿಸ್ಬೋದಾ ಅಂದ್ರೆ, ಅದಕ್ಕೆ ಕೋರ್ಟು ಕೇಸು ಕೈಗೆತ್ತಿಕೊಳ್ಳೋ ಮುಂಚೆ ಸರ್ಕಾರದ ಅನುಮತಿ ಬೇಕು. ಅಕ್ಕ ಅವ್ರಿಗೂ ಅಷ್ಟೇ ಶ್ರದ್ಧೆಯಿಂದ, ಹುಡುಗ್ರು ಆಡಿದ ಒಂದೊಂದು ಮಾತನ್ನೂ ಬರೆದುಕೊಟ್ರು, ಸೆಕ್ಷನ್ ಇಲ್ದಿದ್ರೂ ಕಾರಣ ದಾಖಲೆಲಿ ಇರ್ಲಿ ಅಂತ.

ಇನ್ನೊಬ್ರು ಮಂಗಳಮುಖಿ. ಬಸ್ಸಲ್ಲಿ ಸೀಟಿಂದ ಎಬ್ಬಿಸಿ ಎಳೆದಾಡಿದ್ರು ಅಂತ. ಅವ್ರಿಗೆ 2019ರ ಕಾಯ್ದೆ ಇದೆ, ಸೆಕ್ಷನ್ 18, ಶಿಕ್ಷೆ 6 ತಿಂಗಳಿಂದ 2 ವರ್ಷ ಅಷ್ಟೇ. ಅಂಗವಿಕಲರನ್ನ ಸಾರ್ವಜನಿಕವಾಗಿ ಅವಮಾನ ಮಾಡಿದ್ರೆ 2016ರ ಕಾಯ್ದೆ 92ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಇದೆ, ನಮ್ಮ ಕಾಯ್ದೆಲೂ 5 ವರ್ಷ, ಇವ್ರ ಮೈಮೇಲೆ ಕೈ ಹಾಕಿದ್ರೂ 2 ವರ್ಷ. ಇದು ಯಾವ ಲೆಕ್ಕ ಅಂತ ನಂಗೆ ಇವತ್ತಿಗೂ ಅರ್ಥ ಆಗ್ತಿಲ್ಲ, ಅನ್ಯಾಯ ಇದು.

ಮನೆಗೆ ಬಂದು ಅಣ್ಣನ ಮಗಳ ಹತ್ರ ಇದನ್ನೇ ಕೇಳಿದ್ದಕ್ಕೆ ಬೇರೆ ದೇಶದ್ದು ಹೇಳಿದ್ಲು. ಇಂಗ್ಲೆಂಡಲ್ಲಿ 1998ರ ಕಾಯ್ದೆ ಪ್ರಕಾರ ಮಾಮೂಲಿ ಹಲ್ಲೆಗೆ ಹೆಚ್ಚಂದ್ರೆ 6 ತಿಂಗಳಿದ್ರೆ, ಜನಾಂಗ ದ್ವೇಷ ಸೇರಿದ್ರೆ ಅದೇ ಹಲ್ಲೆಗೆ 2 ವರ್ಷ. ದ್ವೇಷಕ್ಕೇ ಹೊಡೆದ ಅಂತ ತೋರಿಸ್ಬೋದು, ಇಲ್ಲಾಂದ್ರೆ ಹೊಡೆಯೋ ಹೊತ್ತಲ್ಲಿ ಅಥವಾ ಅದ್ರ ಹಿಂದೆ ಮುಂದೆ ದ್ವೇಷದ ಮಾತಾಡಿದ ಅಂತ ತೋರಿಸಿದ್ರೂ ಸಾಕು, ಎರಡು ದಾರಿ. ಮನಸ್ಸಲ್ಲಿರೋದಕ್ಕೆ ಶಿಕ್ಷೆ ಕೊಡೋದು ಸರಿನಾ ಅಂತ ಅಮೆರಿಕದಲ್ಲೂ ಜಗಳ ಆಗಿ, 1993ರಲ್ಲಿ ವಿಸ್ಕಾನ್ಸಿನ್‌ನ ಒಂದು ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಶಿಕ್ಷೆ ಯೋಚನೆಗಲ್ಲ, ಆ ಯೋಚನೆ ಇಟ್ಕೊಂಡು ಮಾಡಿದ ಕೃತ್ಯಕ್ಕೆ ಅಂತ ಒಮ್ಮತದಿಂದ ಹೇಳ್ತಂತೆ. ನಮ್ಮಲ್ಲಿ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ, ದ್ವೇಷ ಅಪರಾಧ ಮಸೂದೆ ಪಾಸ್ ಮಾಡಿದ್ರಲ್ಲ, ಅದ್ರ ಬಗ್ಗೆ ಕಟ್ಟೆ ಮೇಲೆ ಜೋರು ಚರ್ಚೆ ನಡೆಯುತ್ತೆ. ಅಕ್ಕ ಆ ಚರ್ಚೆಗೆ ಹೋಗಲ್ಲ. ಘಟನೆ ನಡೆದ ದಿನ ಯಾವ ಕಾನೂನು ಜಾರಿಲಿತ್ತೋ ಅದ್ರ ಮೇಲೇ ಕೇಸು, ದಿನಾಂಕ ಸರಿಯಾಗಿ ಹೇಳ್ರಿ ಅಂತಾರೆ.

ದೂರು ಬರೆದುಕೊಟ್ಟು ಕೈ ತೊಳ್ಕೊಳಲ್ಲ, ಮುಂದೇನು ಅಂತ ಒಂದು ಚೀಟಿಲಿ ಬರೆದುಕೊಡ್ತಾರೆ. ನಮ್ಮ ಚೀಟಿಲಿ ಇದ್ದಿದ್ದು: ಠಾಣೆಲಿ ತಗೊಳ್ದಿದ್ರೆ ಎಸ್‌ಪಿಗೆ ಪೋಸ್ಟಲ್ಲಿ ಕಳಿಸೋದು, ಎಫ್‌ಐಆರ್ ಕಾಪಿ ಫ್ರೀ, ತನಿಖೆ ಡಿವೈಎಸ್‌ಪಿಗಿಂತ ಕೆಳಗಿನೋರು ಮಾಡ್ಬಾರ್ದು, 60 ದಿನದೊಳಗೆ ಮುಗಿಸ್ಬೇಕು, ಜಾಮೀನು ವಿಚಾರಣೆ ಇದ್ರೆ ನಮಗೂ ತಿಳಿಸ್ಬೇಕು, ಅದು ದೌರ್ಜನ್ಯ ಕಾಯ್ದೆಯ 15ಎ ಸೆಕ್ಷನ್. ಪರಿಹಾರದ ಬಗ್ಗೆನೂ ಇತ್ತು. ಬೈಗುಳ ಅವಮಾನದ ಸೆಕ್ಷನ್‌ಗೆ 2016ರ ನಿಯಮದ ಪಟ್ಟಿ ಪ್ರಕಾರ 1 ಲಕ್ಷ, ಎಫ್‌ಐಆರ್ ಆದಾಗ ಕಾಲು ಭಾಗ, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಅರ್ಧ, ಶಿಕ್ಷೆ ಆದ್ರೆ ಉಳಿದ ಕಾಲು. ದುಡ್ಡಿಗೋಸ್ಕರ ಕೇಸು ಅಂತ ಊರಲ್ಲಿ ಆಡ್ಕೊಳ್ಳೋರಿಗೆ ಇದನ್ನ ಹೇಳ್ಬೇಕು, ಕೂಲಿ ಬಿಟ್ಟು ಕೋರ್ಟಿಗೆ ಅಲೆಯೋನಿಗೆ, ಊರಲ್ಲಿ ಕೆಲಸ ಕೊಡೋದು ನಿಲ್ಲಿಸಿದ್ರೆ ಹೊಟ್ಟೆಗೆ ಏನು. ವಿಡಿಯೋ ಬಗ್ಗೆನೂ ಒಂದು ಒಳ್ಳೆ ಮಾತು ಹೇಳಿದ್ರು, ವಾಟ್ಸಾಪಲ್ಲಿ ಕಳ್ಸಿ ಮೂಲ ವಿಡಿಯೋ ಡಿಲೀಟ್ ಮಾಡ್ಬೇಡಿ, ತೆಗೆದ ಹುಡುಗನ ಫೋನಲ್ಲೇ ಇರ್ಲಿ, ಹೊಸ ಸಾಕ್ಷ್ಯ ಕಾಯ್ದೆ 63ನೇ ಸೆಕ್ಷನ್ ಪ್ರಮಾಣಪತ್ರ ಇಲ್ದೇ ಕೋರ್ಟಲ್ಲಿ ಅದನ್ನ ತಗೊಳ್ಳೋದು ಕಷ್ಟ ಅಂತ.

ಸಾಕ್ಷಿಗಳ ಬಗ್ಗೆ ಮಾತ್ರ ಅಕ್ಕ ಸುಳ್ಳು ಭರವಸೆ ಕೊಡಲ್ಲ. ಕಂಬಾಲಪಲ್ಲಿ ನೆನಪಿದೆಯಾ ಅಂತ ಕೇಳಿದ್ರು. ಆ ಊರಲ್ಲಿ 2000ದ ಮಾರ್ಚ್‌ನಲ್ಲಿ 7 ಜನ ದಲಿತರನ್ನ ಮನೆ ಸಮೇತ ಸುಟ್ಟಿದ್ರು, ಸಾಕ್ಷಿಗಳು ಒಬ್ಬೊಬ್ರೇ ಉಲ್ಟಾ ಹೊಡೆದು 2006ರಲ್ಲಿ ಎಲ್ಲಾ ಆರೋಪಿಗಳೂ ಖುಲಾಸೆ ಆದ್ರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಇನ್ನೊಂದು ಕಡೆ ಕೊಪ್ಪಳ ಜಿಲ್ಲೆ ಮರಕುಂಬಿ, 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಕೇಸು, ಹತ್ತು ವರ್ಷ ಆದ್ಮೇಲೆ 2024ರ ಅಕ್ಟೋಬರ್ 24ಕ್ಕೆ 98 ಜನಕ್ಕೆ ಜೀವಾವಧಿ ಆಯ್ತು, ಆಮೇಲೆ ಅಪೀಲಿಗೆ ಹೋಗಿ ಬಹಳಷ್ಟು ಜನ ಹೈಕೋರ್ಟಲ್ಲಿ ಜಾಮೀನೂ ತಗೊಂಡ್ರು. ಅಲ್ಲೂ ಊರಲ್ಲಿ ಹೋಟ್ಲು, ಕ್ಷೌರದಂಗಡಿ ಒಳಗೆ ಬಿಡ್ತಿರ್ಲಿಲ್ಲ ಅನ್ನೋದೇ ಹಳೇ ಸಿಟ್ಟು. ಎರಡು ಕೇಸಿಗೂ ಕಾನೂನು ಅದೇ, ವ್ಯತ್ಯಾಸ ಸಾಕ್ಷಿ ಹೇಳೋರು ನಿಂತ್ರಾ ಇಲ್ವಾ ಅನ್ನೋದ್ರಲ್ಲಿ.

ಈಗ ಅರ್ಧ ಸ್ಟಾರ್ ಕಟ್ ಯಾಕೆ ಅಂದ್ರೆ, ಜಾಗ ತುಂಬಾ ಚಿಕ್ಕದು. ಬಾಗಿಲು ಅರ್ಧ ಎಳೆದ್ರೂ ಹೊರಗೆ ಕೇಳಿಸುತ್ತೆ, ನಾನು ಮೇಲೆ ಬರೆದ ಎರಡು ಕಥೆ ನನ್ನ ಕಿವಿಗೆ ಬಿದ್ದಿದ್ದೇ ಹಂಗೆ, ಅದು ಬೀಳ್ಬಾರ್ದಿತ್ತು. ಒಂದೇ ಕುರ್ಚಿ. ಕರೆಂಟ್ ಹೋದ್ರೆ ಯುಪಿಎಸ್ ಇಲ್ಲ, ಬೇಸಿಗೆಲಿ ಮಧ್ಯಾಹ್ನ ಹೋದ್ರೆ ಕಾಯೋದೇ ಕಾಯೋದು. ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ ಕೆಲವು ಕೆಟ್ಟು ಹೋಗುತ್ತೆ, ಹೆಸರು, ಊರು, ಸರ್ವೆ ನಂಬರ್ ಎಲ್ಲಾ ಇನ್ನೊಂದ್ಸಲ ನೋಡ್ಕೊಳಿ. ಫೋನ್‌ಪೇ ಇದೆ ಆದ್ರೆ ನೆಟ್ ಸರಿ ಬರಲ್ಲ, ಚಿಲ್ಲರೆ ಇಟ್ಕೊಂಡು ಹೋಗಿ. ಇನ್ನೊಂದು, ಅವ್ರು ವಕೀಲರಲ್ಲ, ಕೇಸು ನಡೆಸಿಕೊಡ್ತಾರೆ ಅಂದ್ಕೋಬೇಡಿ. ಪರಿಶಿಷ್ಟ ಜಾತಿ ಪಂಗಡದವ್ರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ, 15100 ಗೆ ಫೋನ್ ಮಾಡಿ ಅಂತ ಅವ್ರೇ ಹೇಳ್ತಾರೆ. ದೌರ್ಜನ್ಯದ ಕೇಸಿಗೆ 14566 ಸಹಾಯವಾಣಿನೂ ಇದೆ.

ರೇಟು: ಪುಟಕ್ಕೆ 40 ರೂಪಾಯಿ, ಜೆರಾಕ್ಸ್ 2 ರೂಪಾಯಿ. ನಮ್ಮ ದೂರು ಎರಡೂವರೆ ಪುಟ ಬಂತು, ಅರ್ಧ ಪುಟಕ್ಕೆ ದುಡ್ಡು ತಗೊಳ್ಳಲಿಲ್ಲ. ಪಕ್ಕದ ಅಂಗಡಿಗಳಲ್ಲಿ ಇದಕ್ಕಿಂತ ಕಮ್ಮಿಗೂ ಟೈಪ್ ಮಾಡ್ತಾರೆ, ನೀವು ಹೇಳಿದ್ದನ್ನ ಹಂಗೇ ಹೊಡೆದುಕೊಡ್ತಾರೆ, ಪ್ರಶ್ನೆ ಕೇಳಲ್ಲ.

ನಮ್ಮ ಕೇಸು ಎಲ್ಲಿಗೆ ಬಂತು ಅಂದ್ರೆ, ಎಸ್‌ಪಿಗೆ ಪೋಸ್ಟ್ ಹೋದ್ಮೇಲೆ ಅದೇ ಠಾಣೆಲಿ ಎಫ್‌ಐಆರ್ ಆಯ್ತು, ಬೈಗುಳದ ಎರಡು ಸೆಕ್ಷನ್ನೂ ಲೋಟದ ಸೆಕ್ಷನ್ನೂ ಬಿತ್ತು. ಡಿವೈಎಸ್‌ಪಿ ಬಂದು ಮಹಜರು ಮಾಡಿದ್ರು, ದೂರಲ್ಲಿ ಹೆಸರಿದ್ದ ಸಾಕ್ಷಿಗಳನ್ನೇ ಹುಡುಕ್ಕೊಂಡು ಹೋಗಿ ಹೇಳಿಕೆ ತಗೊಂಡ್ರು. ಮೊದಲ ಕಂತು 25,000 ಅಕೌಂಟಿಗೆ ಬಂತು. ಚಾರ್ಜ್‌ಶೀಟ್ ಆಗಿದೆ, ವಿಶೇಷ ಕೋರ್ಟಲ್ಲಿ ವಿಚಾರಣೆ ಶುರು ಆಗ್ಬೇಕು. ಹೋಟ್ಲಲ್ಲಿ ಈಗ ಎಲ್ರಿಗೂ ಪೇಪರ್ ಕಪ್ಪಂತೆ, ಸ್ಟೀಲ್ ಲೋಟ ತೆಗೆದೇಬಿಟ್ಟಿದಾರೆ. ಸಮ ಆಯ್ತಲ್ಲ ಬಿಡಿ ಅಂತ ಕೆಲವ್ರು ಹೇಳಿದ್ರು. ನಂಗೆ ಅದು ಒಪ್ಪಿಗೆ ಇಲ್ಲ. ನಮ್ಮ ಹುಡುಗ ಮುಟ್ಟಿದ ಲೋಟದಲ್ಲಿ ಕುಡಿಯೋದಕ್ಕಿಂತ ಲೋಟನೇ ಬೇಡ ಅಂದ ಊರು ಇನ್ನೂ ಬದಲಾಗಿಲ್ಲ, ಅದಕ್ಕೇ ರಾಜಿಗೆ ಕರೆದೋರಿಗೆ ನಾವು ಬರಲ್ಲ ಅಂದ್ವಿ.

ಹೋಗೋರಿಗೆ: ಭಾನುವಾರ ಮತ್ತೆ ಕೋರ್ಟ್ ರಜೆ ದಿನ ಅಂಗಡಿ ಇರಲ್ಲ. ಬೆಳಗ್ಗೆ ಕೋರ್ಟ್ ಶುರು ಆಗೋಕೆ ಮುಂಚೆ ಹೋದ್ರೆ ಅಕ್ಕ ನಿಧಾನವಾಗಿ ಕೇಳ್ತಾರೆ, ಹನ್ನೊಂದರ ಮೇಲೆ ಅಫಿಡವಿಟ್‌ನೋರ ನೂಕುನುಗ್ಗಲು. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬರೋರು ಮೊದಲ ಬಸ್ ಹಿಡೀರಿ. ಜಾತಿ ಪ್ರಮಾಣಪತ್ರ, ಆಧಾರ್ ಜೆರಾಕ್ಸ್, ಆಸ್ಪತ್ರೆಗೆ ತೋರಿಸಿದ್ರೆ ಆ ಚೀಟಿ, ಠಾಣೆಲಿ ಏನಾದ್ರೂ ರಸೀದಿ, ಹಿಂಬರಹ ಕೊಟ್ಟಿದ್ರೆ ಅದು, ಅಲ್ಲಿದ್ದ ಜನರ ಹೆಸರು, ಎಲ್ಲಾ ತಗೊಂಡು ಹೋಗಿ. ಏಟು ತಿಂದೋರೇ ಬರ್ಬೇಕು, ಅವ್ರ ಪರವಾಗಿ ಬೇರೆಯವ್ರು ಹೇಳಿದ್ದನ್ನ ಅಕ್ಕ ಬರ್ಕೊಳ್ಳಲ್ಲ.